ಎರಡು ಸಲ ಮಣ್ಣಾದ ನಾಯಕ: ಅಂಗೋಲಾದ ಸವಿಂಬಿ, ಅವರ ಪಕ್ಷ ಮತ್ತು ಮುಗಿಯದ ಲೆಕ್ಕ

2019ರ ಮೇ ತಿಂಗಳ ಕೊನೆಯ ವಾರ ಅಂಗೋಲಾದಲ್ಲಿ ಒಂದು ಶವಪೆಟ್ಟಿಗೆ ಎಲ್ಲಿದೆ ಅನ್ನುವುದೇ ದೊಡ್ಡ ಸುದ್ದಿಯಾಗಿತ್ತು. ವಿರೋಧ ಪಕ್ಷವಾದ ಯುನಿಟಾದ ಮುಖಂಡರು ಅದನ್ನು ಬರಮಾಡಿಕೊಳ್ಳಲು ಬಿಯೆ ಪ್ರಾಂತ್ಯದ ಮುಖ್ಯ ಪಟ್ಟಣ ಕುಯಿಟೊದಲ್ಲಿ ಕಾದು ನಿಂತಿದ್ದರು. ಸರ್ಕಾರ ಅದನ್ನು ಉತ್ತರದ ಅಂಡುಲೊಗೆ ಒಯ್ದು ಸೇನೆಯ ವಶದಲ್ಲಿಟ್ಟಿತು. ಹೇಳಿದ ಜಾಗಕ್ಕೆ ಇವರು ಬರಲಿಲ್ಲ ಎಂದು ಸಚಿವರು ದೂರಿದರೆ, ಕೊಟ್ಟ ಮಾತಿಗೆ ಸರ್ಕಾರ ತಪ್ಪಿತು, ಸತ್ತವರನ್ನೂ ಅವಮಾನಿಸಿತು ಎಂದು ಯುನಿಟಾ ತಿರುಗಿಬಿತ್ತು. ಕೆಲವು ದಿನ ಹಗ್ಗಜಗ್ಗಾಟ ನಡೆದು, ಮೇ 31ರಂದು ಅಂಡುಲೊದಲ್ಲಿ ಪೆಟ್ಟಿಗೆ ಕೈಬದಲಾಯಿತು. ಮರುದಿನ, ಜೂನ್ 1ರಂದು, ಲೊಪಿಟಂಗಾ ಎಂಬ ಹಳ್ಳಿಯಲ್ಲಿ ಸಾವಿರಾರು ಜನ ಸೇರಿ, ಯುನಿಟಾ ಕಟ್ಟಿ ಸರ್ಕಾರದ ವಿರುದ್ಧ ದಶಕಗಳ ಕಾಲ ಯುದ್ಧ ನಡೆಸಿದ್ದ ಜೊನಾಸ್ ಸವಿಂಬಿಯವರನ್ನು ಅವರ ತಂದೆತಾಯಿಯ ಗೋರಿಗಳ ಪಕ್ಕದಲ್ಲಿ ಮಣ್ಣು ಮಾಡಿದರು. ಅವರು ಸತ್ತು ಆಗಲೇ ಹದಿನೇಳು ವರ್ಷವಾಗಿತ್ತು.

ಅಂತರ್ಯುದ್ಧ ಮುಗಿದ ದೇಶಗಳಲ್ಲಿ ಸೋತ ಪಕ್ಷದ ನಾಯಕನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಹೊಸದಲ್ಲ. ಹೆಚ್ಚಿನ ಕಡೆ ಅದು ಪ್ರತಿಮೆ, ಪಠ್ಯಪುಸ್ತಕ, ರಸ್ತೆ ಹೆಸರುಗಳ ಜಗಳವಾಗಿ ಬರುತ್ತದೆ. ಅಂಗೋಲಾದಲ್ಲಿ ಅದು ಒಂದು ದೇಹದ ಸುತ್ತಲಿನ ಜಗಳವಾಗಿತ್ತು. ಶವವನ್ನು ಸರ್ಕಾರ ತನ್ನ ಹಿಡಿತದಲ್ಲಿಟ್ಟುಕೊಂಡಷ್ಟು ಕಾಲ ಯುನಿಟಾ ‘ಸವಿಂಬಿಯ ಪಕ್ಷ’ವಾಗಿಯೇ ಉಳಿಯಬೇಕಾಯಿತು. ಶವ ಮನೆ ಸೇರಿದ ಮೇಲೆ ಬೇರೆ ಪಕ್ಷವಾಗಲು ಅದಕ್ಕೆ ದಾರಿಯಾಯಿತು. ಆ ಬಿಡುಗಡೆಯ ಭರದಲ್ಲಿ ಸವಿಂಬಿಯ ಕೈಯಿಂದಲೇ ಸತ್ತವರ ಲೆಕ್ಕ ಮಾತ್ರ ಹಾಗೇ ಉಳಿದುಬಿಟ್ಟಿತು. ಈ ಬರಹದ ವಾದ ಇಷ್ಟೇ; ಮುಂದಿನದು ಅದರ ವಿವರ.

ಹಿನ್ನೆಲೆ

ಸವಿಂಬಿ ಹುಟ್ಟಿದ್ದು 1934ರಲ್ಲಿ, ಬೆಂಗೆಲಾ ರೈಲು ಮಾರ್ಗದ ಮುನ್ಯಾಂಗೊ ಎಂಬ ಊರಿನಲ್ಲಿ. ತಂದೆ ರೈಲ್ವೆ ನೌಕರರು, ಜೊತೆಗೆ ಪ್ರಾಟೆಸ್ಟೆಂಟ್ ಚರ್ಚಿನ ಬೋಧಕರು. ಲಿಸ್ಬನ್‌ನಲ್ಲಿ ವೈದ್ಯಕೀಯ ಓದಲು ಹೋದ ಹುಡುಗ ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋಗಿ ರಾಜಕೀಯ ಶಾಸ್ತ್ರ ಓದಿದರು, ಚೀನಾದಲ್ಲಿ ಗೆರಿಲ್ಲಾ ತರಬೇತಿ ಪಡೆದರು. 1966ರ ಮಾರ್ಚ್ 13ರಂದು ಪೂರ್ವದ ಮೊಶಿಕೊ ಪ್ರಾಂತ್ಯದ ಮುವಾಂಗೈಯಲ್ಲಿ ಯುನಿಟಾ ಕಟ್ಟಿದರು. ಪೋರ್ಚುಗೀಸರ ವಿರುದ್ಧ ಆಗ ಮೂರು ಸಂಘಟನೆಗಳಿದ್ದವು. ರಾಜಧಾನಿ ಲುವಾಂಡಾ ಮತ್ತು ಸುತ್ತಲಿನ ಕಿಂಬುಂಡು ಜನರಲ್ಲಿ ಬೇರೂರಿದ್ದ ಎಂಪಿಎಲ್ಎ, ಉತ್ತರದ ಬಕೊಂಗೊ ಜನರ ಎಫ್ಎನ್ಎಲ್ಎ, ನಡುನಾಡಿನ ಎತ್ತರದ ಪ್ರದೇಶದ ಒವಿಂಬುಂಡು ಜನರ ಯುನಿಟಾ. 1975ರ ಜನವರಿಯಲ್ಲಿ ಪೋರ್ಚುಗಲ್‌ನ ಅಲ್ವೋರ್‌ನಲ್ಲಿ ಮೂವರೂ ಕೂತು ಅಧಿಕಾರ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ವರ್ಷ ಮುಗಿಯುವುದರೊಳಗೆ ಪರಸ್ಪರ ಬಂದೂಕು ಹಿಡಿದರು. ರಾಜಧಾನಿ ಹಿಡಿದು ಸರ್ಕಾರ ರಚಿಸಿದ ಎಂಪಿಎಲ್ಎಗೆ ಸೋವಿಯತ್ ಶಸ್ತ್ರ, ಕ್ಯೂಬಾದ ಸೈನಿಕರು. ಯುನಿಟಾಕ್ಕೆ ವರ್ಣಭೇದದ ದಕ್ಷಿಣ ಆಫ್ರಿಕಾದ ಸೇನೆ, ಅಮೆರಿಕದ ಹಣ ಮತ್ತು ಕ್ಷಿಪಣಿ. ಮಾವೋನ ನಾಡಿನಲ್ಲಿ ತರಬೇತಿ ಪಡೆದಿದ್ದ ಸವಿಂಬಿ 1986ರ ಜನವರಿಯಲ್ಲಿ ಶ್ವೇತಭವನದಲ್ಲಿ ರೇಗನ್ ಪಕ್ಕ ಕೂತಿದ್ದರು. ಸಿದ್ಧಾಂತ ಅವರಿಗೆ ಹವಾಮಾನಕ್ಕೆ ತಕ್ಕ ಬಟ್ಟೆಯಾಗಿತ್ತು ಎಂದರೆ ಅವರ ಅಭಿಮಾನಿಗಳಿಗೂ ಸಿಟ್ಟು ಬರಲಾರದು.

ಇಷ್ಟು ಹೇಳಿದ್ದು ಅವರ ಕುರಿತ ಜಗಳದ ಎರಡು ಕಡೆಯೂ ಸುಳ್ಳಲ್ಲ ಎಂದು ತೋರಿಸಲು. ಒಂದೇ ಪಕ್ಷದ ಆಡಳಿತಕ್ಕೆ ತಲೆಬಾಗದೆ ಹೋರಾಡಿ ಬಹುಪಕ್ಷ ವ್ಯವಸ್ಥೆ ತಂದವರು, ಪ್ರಜಾಪ್ರಭುತ್ವದ ಪಿತಾಮಹ ಎಂದು ಯುನಿಟಾ ಹೇಳುತ್ತದೆ. 1991ರ ತನಕ ಎಂಪಿಎಲ್ಎ ಬಿಟ್ಟು ಬೇರೆ ಪಕ್ಷಕ್ಕೆ ಕಾನೂನಿನಲ್ಲಿ ಜಾಗವಿರಲಿಲ್ಲ ಎಂಬುದು ನಿಜ. ಚುನಾವಣೆ ಸೋತ ಕೂಡಲೇ ಮತ್ತೆ ಕಾಡಿಗೆ ಹೋಗಿ ದೇಶ ಸುಟ್ಟವರು ಎಂದು ಎಂಪಿಎಲ್ಎ ಹೇಳುತ್ತದೆ. ಅದೂ ನಿಜ.

1992ರ ಸೆಪ್ಟೆಂಬರ್ 29 ಮತ್ತು 30ರಂದು ನಡೆದ ಆ ಚುನಾವಣೆಯ ಅಂಕಿಅಂಶ ಗಮನದಲ್ಲಿರಲಿ. ಅಧ್ಯಕ್ಷ ಹುದ್ದೆಗೆ ಎಂಪಿಎಲ್ಎಯ ಜೋಸೆ ಎಡುವಾರ್ಡೊ ಡೊಸ್ ಸಾಂಟೊಸ್ ಅವರಿಗೆ ಶೇ. 49.57, ಸವಿಂಬಿಗೆ ಶೇ. 40.07. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರಿಂದ ಎರಡನೇ ಸುತ್ತು ನಡೆಯಬೇಕಿತ್ತು. ಒಟ್ಟಾರೆ ಮುಕ್ತ, ನ್ಯಾಯಸಮ್ಮತ ಎಂದು ವಿಶ್ವಸಂಸ್ಥೆಯ ಪ್ರತಿನಿಧಿ ಮಾರ್ಗರೆಟ್ ಆನ್‌ಸ್ಟೀ ಪ್ರಮಾಣಪತ್ರ ಕೊಟ್ಟರು. ಮೋಸ ಎಂದು ಸವಿಂಬಿ ನಡುನಾಡಿನ ಹುವಾಂಬೊ ನಗರಕ್ಕೆ ಹೊರಟುಹೋದರು. ಅಕ್ಟೋಬರ್ ಕೊನೆಯಲ್ಲಿ ಲುವಾಂಡಾದ ಬೀದಿಗಳಲ್ಲಿ ಯುನಿಟಾದವರನ್ನೂ, ಯುನಿಟಾದವರಿರಬಹುದು ಎಂದು ಅನುಮಾನ ಬಂದವರನ್ನೂ ಹುಡುಕಿ ಹುಡುಕಿ ಕೊಂದರು. ಪಕ್ಷದ ಉಪಾಧ್ಯಕ್ಷ ಜೆರೆಮಿಯಾಸ್ ಶಿಟುಂಡಾ ಮತ್ತು ಸಂಧಾನಕ್ಕೆ ಬಂದಿದ್ದ ಸವಿಂಬಿಯ ಸೋದರಳಿಯ ಎಲಿಯಾಸ್ ಸಲುಪೆಟೊ ಪೆನಾ ಸತ್ತರು. ಅವರ ಶವಗಳೂ ದಶಕಗಳ ಕಾಲ ಮನೆಯವರ ಕೈಗೆ ಸಿಗಲಿಲ್ಲ. ಅಬೆಲ್ ಶಿವುಕುವುಕು ಎಂಬ ಯುವ ಮುಖಂಡರು ಕಾಲಿಗೆ ಗುಂಡು ತಿಂದು ಸೆರೆ ಸಿಕ್ಕರು. ಈ ಹೆಸರು ಮುಂದೆ ಮತ್ತೆ ಬರುತ್ತದೆ. ಎರಡನೇ ಸುತ್ತಿನ ಮತದಾನ ನಡೆಯಲೇ ಇಲ್ಲ.

ಆಗ ಲುವಾಂಡಾದಲ್ಲಿ ಜನ ಆಡಿಕೊಳ್ಳುತ್ತಿದ್ದ ಒಂದು ಮಾತಿದೆ: ‘ಎಂಪಿಎಲ್ಎ ಕದಿಯುತ್ತದೆ, ಯುನಿಟಾ ಕೊಲ್ಲುತ್ತದೆ.’ ಮುಂದಿನ ಮೂವತ್ತು ವರ್ಷಗಳ ಅಂಗೋಲಾ ರಾಜಕೀಯ ಈ ಒಂದು ಸಾಲಿನಲ್ಲಿದೆ. ಕಳ್ಳನೋ ಕೊಲೆಗಾರನೋ ಎಂದು ಆರಿಸಿಕೊಳ್ಳಬೇಕಾದಾಗ ಬದುಕಲು ಬಯಸುವವರು ಕಳ್ಳನನ್ನೇ ಆರಿಸುತ್ತಾರೆ. ಸವಿಂಬಿಯ ನೆನಪನ್ನು ಜೀವಂತವಾಗಿಡುವುದರಲ್ಲಿ ಎಂಪಿಎಲ್ಎಗೆ ಯುನಿಟಾಕ್ಕಿಂತ ಹೆಚ್ಚು ಲಾಭವಿತ್ತು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಶವದ ರಾಜಕೀಯ

2002ರ ಫೆಬ್ರವರಿ 22ರಂದು ಮೊಶಿಕೊ ಪ್ರಾಂತ್ಯದ ಲುಕುಸ್ಸೆ ಬಳಿ ಸರ್ಕಾರಿ ಪಡೆ ಸವಿಂಬಿಯನ್ನು ಹೊಡೆದುರುಳಿಸಿತು. ಗುಂಡಿನ ಗಾಯಗಳ ದೇಹವನ್ನು ಪತ್ರಕರ್ತರಿಗೆ ತೋರಿಸಿದರು, ಟಿವಿಯಲ್ಲಿ ಬಿತ್ತರಿಸಿದರು. ಸತ್ತದ್ದು ಅವರೇ ಹೌದು ಎಂದು ಜನ ನಂಬಬೇಕಿತ್ತು. ಅಷ್ಟು ಸಲ ಅವರ ಸಾವಿನ ಸುಳ್ಳು ಸುದ್ದಿ ಬಂದಿತ್ತು. ಆಮೇಲೆ ಲುವೆನಾ ಪಟ್ಟಣದ ಸ್ಮಶಾನದಲ್ಲಿ ಒಂದು ಮರದ ಕೆಳಗೆ ಹೂತರು. ಬಿಯೆಯ ಮಗನನ್ನು ಮೊಶಿಕೊದಲ್ಲಿ, ಬಂಧುಗಳಿಲ್ಲದೆ, ಪಾದ್ರಿಯಿಲ್ಲದೆ ಮಣ್ಣು ಮಾಡಿದ್ದಾಯಿತು.

ನಾಯಕ ಸತ್ತ ಮೇಲೆ ಯುದ್ಧ ಆರು ವಾರವೂ ನಡೆಯಲಿಲ್ಲ. ಉಪಾಧ್ಯಕ್ಷ ಅಂಟೋನಿಯೊ ಡೆಂಬೊ ಕೆಲವೇ ದಿನಗಳಲ್ಲಿ ಕಾಡಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಏಪ್ರಿಲ್ 2ರಂದು ಸಂಸತ್ತು ಎರಡೂ ಕಡೆಯವರಿಗೆ ಕ್ಷಮಾದಾನದ ಕಾನೂನು ಮಾಡಿತು; ಏಪ್ರಿಲ್ 4ರಂದು ಯುನಿಟಾದ ಜನರಲ್ ಕಮೊರ್ಟೈರೊ ಮತ್ತು ಸರ್ಕಾರದ ಜನರಲ್ ಅರ್ಮಾಂಡೊ ಡ ಕ್ರುಸ್ ನೆಟೊ ಶಾಂತಿಪತ್ರಕ್ಕೆ ಸಹಿ ಹಾಕಿದರು. ಸುಮಾರು 85 ಸಾವಿರ ಯೋಧರು ಶಿಬಿರಗಳಿಗೆ ಬಂದರು. ಅವರಲ್ಲಿ ಸೇನೆಗೆ ಸೇರಿಸಿಕೊಂಡದ್ದು ಸುಮಾರು 5 ಸಾವಿರ ಮಂದಿಯನ್ನು ಮಾತ್ರ. ಇಷ್ಟು ಬೇಗ ಮುಗಿಯುವ ಯುದ್ಧ ಇಷ್ಟು ವರ್ಷ ನಡೆದದ್ದು ಒಬ್ಬರ ಹಟದಿಂದ ಎಂದು ಹೇಳುವವರಿಗೆ ಇದೇ ದೊಡ್ಡ ಸಾಕ್ಷಿ. ಅದು ಪೂರ್ತಿ ಸರಿಯಲ್ಲ. ವಿಶ್ವಸಂಸ್ಥೆ 1998ರಲ್ಲಿ ಯುನಿಟಾದ ವಜ್ರದ ಮೇಲೆ ನಿರ್ಬಂಧ ಹೇರಿ ಅದರ ಹಣದ ಮೂಲವನ್ನು ಆಗಲೇ ಹಿಂಡಿತ್ತು. ಹಳ್ಳಿಗಳನ್ನು ಖಾಲಿ ಮಾಡಿಸುವ ಸರ್ಕಾರದ ತಂತ್ರದಿಂದ ಗೆರಿಲ್ಲಾಗಳಿಗೆ ಅನ್ನ ಸಿಗುತ್ತಿರಲಿಲ್ಲ. ಆದರೂ ಸವಿಂಬಿ ಇರುವ ತನಕ ಸಹಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದಂತೂ ಸತ್ಯ.

ಲುವೆನಾದ ಗೋರಿ ಸರ್ಕಾರಕ್ಕೆ ಅನುಕೂಲವಾಗಿತ್ತು. ಯುನಿಟಾದ ಹಿರಿಯರು ದೂರದ ಊರಿಗೆ ಹೋಗಿ ತಲೆಬಾಗಿ ಬರಬೇಕು. ಸಭೆ ಮಾಡಿದರೆ ಪೊಲೀಸರಿಗೆ ಗೊತ್ತಾಗುತ್ತದೆ. 2008ರಲ್ಲಿ ಆ ಗೋರಿಯನ್ನು ಯಾರೋ ಹಾಳುಗೆಡವಿದರು. ಎಂಪಿಎಲ್ಎ ಯುವ ಘಟಕದ ನಾಲ್ವರನ್ನು ಬಂಧಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹದಿನಾರು ವರ್ಷಗಳ ನಂತರದ ಮೊದಲ ಚುನಾವಣೆ. ಎಂಪಿಎಲ್ಎಗೆ ಶೇ. 81.64. ಯುನಿಟಾಕ್ಕೆ ಶೇ. 10.39, 220 ಸ್ಥಾನಗಳ ಸಂಸತ್ತಿನಲ್ಲಿ 16.

ಲುವಾಂಡಾದ ಆಕಾಶರೇಖೆಯಲ್ಲಿ ರಾಕೆಟ್ಟಿನಂತೆ ಎದ್ದು ನಿಂತಿರುವ ಕಾಂಕ್ರೀಟ್ ಸ್ಮಾರಕವನ್ನೂ ಇಲ್ಲಿ ನೆನೆಯಬೇಕು. ಅದು ಮೊದಲ ಅಧ್ಯಕ್ಷ ಅಗೊಸ್ಟಿನ್ಯೊ ನೆಟೊ ಅವರದ್ದು. ಅವರು ಹುಟ್ಟಿದ ಸೆಪ್ಟೆಂಬರ್ 17 ರಾಷ್ಟ್ರೀಯ ವೀರರ ದಿನ. ಅಲ್ವೋರ್ ಒಪ್ಪಂದಕ್ಕೆ ಸಹಿ ಹಾಕಿದ ಮೂವರಲ್ಲಿ ಒಬ್ಬರಿಗೆ ನೂರು ಮೀಟರಿಗೂ ಎತ್ತರದ ಸಮಾಧಿ, ಇನ್ನೊಬ್ಬರಿಗೆ ಮರದಡಿಯ ಗುಂಡಿ. ಯುನಿಟಾದ ಸಾಮಾನ್ಯ ಕಾರ್ಯಕರ್ತನಿಗೆ ಬೇರೆ ಭಾಷಣ ಬೇಕಾಗಿರಲಿಲ್ಲ.

(ನೆನಪಿನ ಈ ಜಗಳ ಎಲ್ಲೆಲ್ಲಿಗೆ ಹೋಯಿತೆಂದರೆ, 2016ರಲ್ಲಿ ಸವಿಂಬಿಯ ಮೂವರು ಮಕ್ಕಳು ಫ್ರಾನ್ಸಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜನಪ್ರಿಯ ವಿಡಿಯೋ ಗೇಮ್ ಒಂದರಲ್ಲಿ ಅಪ್ಪನನ್ನು ರಕ್ತಪಿಪಾಸು ಒರಟನಂತೆ ತೋರಿಸಿದ್ದಾರೆ ಎಂಬುದು ಅವರ ದೂರು. ನ್ಯಾಯಾಲಯ ಅರ್ಜಿಯನ್ನು ಸ್ವೀಕರಿಸಲಿಲ್ಲ. ಸ್ವದೇಶದಲ್ಲಿ ಅಪ್ಪನಿಗೊಂದು ಸರಿಯಾದ ಗೋರಿ ಕೇಳಿ ಸಿಗದವರು ಪ್ಯಾರಿಸ್ ಪಕ್ಕದಲ್ಲಿ ಅಪ್ಪನ ಮಾನ ಕೇಳಲು ಹೋಗಿದ್ದರು.)

ಕುಯಿಟೊ ಏಕೆ ಬೇಡವಾಯಿತು

2017ರಲ್ಲಿ ಡೊಸ್ ಸಾಂಟೊಸ್ 38 ವರ್ಷಗಳ ಆಳ್ವಿಕೆ ಬಿಟ್ಟು ಇಳಿದರು, ಜುವಾವ್ ಲೊರೆನ್ಸೊ ಅಧ್ಯಕ್ಷರಾದರು. ಹಳಬರ ಕುಟುಂಬದ ಭ್ರಷ್ಟಾಚಾರದ ಮೇಲೆ ಕೈಹಾಕಿದ ಅವರಿಗೆ ರಾಜಿ ಮಾಡಿಸುವ ನಾಯಕನೆಂಬ ಹೆಸರೂ ಬೇಕಿತ್ತು. 2019ರ ಆರಂಭದಲ್ಲಿ ಲುವೆನಾದ ಗೋರಿ ಅಗೆದು ಅವಶೇಷ ಹೊರತೆಗೆದರು. ದೇಶದೊಳಗೆ ಮಾತ್ರವಲ್ಲ, ಪೋರ್ಚುಗಲ್, ದಕ್ಷಿಣ ಆಫ್ರಿಕಾದ ಪ್ರಯೋಗಾಲಯಗಳಲ್ಲೂ ಡಿಎನ್ಎ ಪರೀಕ್ಷೆ ಮಾಡಿಸಿದರು. ಸರ್ಕಾರಕ್ಕೂ ಯುನಿಟಾಕ್ಕೂ ಪರಸ್ಪರ ನಂಬಿಕೆ ಎಷ್ಟಿತ್ತು ಎಂಬುದನ್ನು ಆ ಮೂರು ದೇಶಗಳ ಪರೀಕ್ಷೆಯೇ ಹೇಳುತ್ತದೆ.

ಯುನಿಟಾಕ್ಕೆ ಬೇಕಿದ್ದದ್ದು ಮೆರವಣಿಗೆ, ಸರ್ಕಾರಕ್ಕೆ ಬೇಕಿದ್ದದ್ದು ಕುಟುಂಬದ ಖಾಸಗಿ ಸಂಸ್ಕಾರ. ಕೊಡಲೂ ಬೇಕು, ಕೊಟ್ಟದ್ದು ದೊಡ್ಡದಾಗಿ ಕಾಣಲೂಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಸ್ತಾಂತರದ ಜಾಗಕ್ಕಾಗಿ ನಡೆದ ಕಿತ್ತಾಟ ಇದರಿಂದ ಹುಟ್ಟಿದ್ದು. ಆದರೆ ಕುಯಿಟೊ ಎಂಬ ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಅದನ್ನು ಎರಡೂ ಕಡೆಯವರು ಬಾಯಿಬಿಟ್ಟು ಆಡಲಿಲ್ಲ.

1993ರ ಜನವರಿಯಿಂದ ಸುಮಾರು ಒಂಬತ್ತು ತಿಂಗಳು ಯುನಿಟಾ ಕುಯಿಟೊಗೆ ಮುತ್ತಿಗೆ ಹಾಕಿತ್ತು. ಊರಿನ ಮುಖ್ಯ ಬೀದಿಯೇ ಯುದ್ಧದ ಗಡಿ. ಒಂದು ಪಕ್ಕದ ಮನೆಗಳಲ್ಲಿ ಸರ್ಕಾರಿ ಪಡೆ ಮತ್ತು ಊರವರು, ಎದುರು ಪಕ್ಕದಲ್ಲಿ ಯುನಿಟಾ. ತಿನ್ನಲು ಏನೂ ಇಲ್ಲವಾದಾಗ ಜನ ರಾತ್ರಿ ಗುಂಪುಕಟ್ಟಿಕೊಂಡು, ಬಂದೂಕುಧಾರಿಗಳ ಜೊತೆ, ಮುತ್ತಿಗೆಯ ಸಾಲು ದಾಟಿ ಹೊಲಗಳಿಗೆ ನುಗ್ಗುತ್ತಿದ್ದರು. ಜೋಳ, ಮರಗೆಣಸು ಸಿಕ್ಕಷ್ಟು ಹೊತ್ತು ತರುವುದು. ಬರುವಾಗ ನೆಲಬಾಂಬು, ಗುಂಡು. ‘ಬಟಿಡಾ’ ಎನ್ನುತ್ತಿದ್ದರು ಆ ಓಡಾಟಕ್ಕೆ. ಹೋದವರೆಲ್ಲ ಮರಳುತ್ತಿರಲಿಲ್ಲ. ಸತ್ತವರನ್ನು ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ, ಎಲ್ಲೆಂದರಲ್ಲಿ ಹೂತಿದ್ದರು. ಶಾಂತಿ ಬಂದ ಮೇಲೆ ಆ ಸಾವಿರಾರು ಅವಶೇಷಗಳನ್ನು ಎತ್ತಿ ಒಂದೇ ಸ್ಮಶಾನಕ್ಕೆ ಸೇರಿಸಿದರು. ಈ ಊರಿನ ಜನರೂ ಹೆಚ್ಚಿನಂಶ ಒವಿಂಬುಂಡುಗಳೇ. ಸವಿಂಬಿ ತಮ್ಮವರ ಪರವಾಗಿ ಹೋರಾಡಿದರು ಎನ್ನುವವರಿಗೆ ಕುಯಿಟೊದ ಆ ಸ್ಮಶಾನ ನುಂಗಲಾರದ ತುತ್ತು. ಅವರ ಫಿರಂಗಿಗೆ ಬಲಿಯಾದವರು ಅವರ ಪ್ರಾಂತ್ಯದವರು, ಅವರ ಭಾಷೆಯವರು.

ಹುವಾಂಬೊ ಕೂಡ ಅದೇ ವರ್ಷ 55 ದಿನಗಳ ಕಾಳಗದಲ್ಲಿ ಪುಡಿಯಾಯಿತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಜಾಂಬಾದ ಲೆಕ್ಕ

ಶತ್ರುವಿನ ಮೇಲೆ ಹಾರಿಸಿದ ಗುಂಡಿಗೆ ಯುದ್ಧ ಎಂಬ ನೆಪವಿದೆ. ಜಾಂಬಾಕ್ಕೆ ಆ ನೆಪವೂ ಇಲ್ಲ. ಆಗ್ನೇಯದ ಕ್ವಾಂಡೊ ಕುಬಾಂಗೊ ಪ್ರಾಂತ್ಯದಲ್ಲಿದ್ದ ಜಾಂಬಾ ಯುನಿಟಾದ ಕಾಡಿನ ರಾಜಧಾನಿ. ಶಾಲೆ, ಆಸ್ಪತ್ರೆ, ಹೊಲಿಗೆ ಕಾರ್ಖಾನೆ ಎಲ್ಲ ಇದ್ದವು. ವಿದೇಶಿ ಪತ್ರಕರ್ತರನ್ನು ವಿಮಾನದಲ್ಲಿ ಕರೆತಂದು ತೋರಿಸುತ್ತಿದ್ದರು. ಅವರಿಗೆ ತೋರಿಸದ ಒಂದು ದಿನ 1983ರ ಸೆಪ್ಟೆಂಬರ್ 7. ಮಾಟಗಾತಿಯರೆಂಬ ಆರೋಪ ಹೊರಿಸಿ ಮಹಿಳೆಯರನ್ನು, ಕೆಲವರನ್ನು ಮಕ್ಕಳ ಸಮೇತ, ನೆರೆದ ಜನರ ಎದುರೇ ಬೆಂಕಿಗೆ ಹಾಕಿದರು. ‘ಕೆಂಪು ಸೆಪ್ಟೆಂಬರ್’ ಎಂದು ಬದುಕಿ ಉಳಿದವರು ಕರೆಯುವುದು ಅದನ್ನೇ.

ಟಿಟೊ ಶಿಂಗುಂಜಿ ಎಂಬವರು ವಾಷಿಂಗ್ಟನ್‌ನಲ್ಲಿ ಯುನಿಟಾದ ಪ್ರತಿನಿಧಿಯಾಗಿದ್ದರು. ಚುರುಕಿನ ಮಾತುಗಾರ, ಪಕ್ಷ ಕಟ್ಟಿದ ಕುಟುಂಬದ ಕುಡಿ. ಅವರನ್ನು ಜಾಂಬಾಕ್ಕೆ ವಾಪಸು ಕರೆಸಿ ಸೆರೆಯಲ್ಲಿಟ್ಟರು. 1991ರಲ್ಲಿ ಅವರನ್ನೂ ಅವರ ಹೆಂಡತಿ ಮಕ್ಕಳನ್ನೂ ಕೊಂದರು. ಲೋಕಕ್ಕೆ ಇದು ತಿಳಿದದ್ದು 1992ರಲ್ಲಿ, ಮಿಗೆಲ್ ನ್ಸಾವು ಪುನಾ ಮತ್ತು ಟೋನಿ ಡ ಕೋಸ್ಟಾ ಫರ್ನಾಂಡಿಸ್ ಎಂಬ ಇಬ್ಬರು ಹಿರಿಯರು ಪಕ್ಷ ಬಿಟ್ಟು ಬಂದು ಹೇಳಿದಾಗ. ಸವಿಂಬಿಯನ್ನು ಹೊಗಳಿ ಜೀವನಚರಿತ್ರೆ ಬರೆದಿದ್ದ ಬ್ರಿಟಿಷ್ ಪತ್ರಕರ್ತ ಫ್ರೆಡ್ ಬ್ರಿಜ್‌ಲ್ಯಾಂಡ್ ಕೂಡ ಈ ಕೊಲೆಗಳ ಬೆನ್ನು ಹತ್ತಿ ವಿರುದ್ಧವಾಗಿ ಬರೆದರು.

ಗಮನಿಸಬೇಕಾದದ್ದು ಆಮೇಲಿನದು. 2003ರಲ್ಲಿ ಯುನಿಟಾ ಶಾಂತಿಕಾಲದ ಮೊದಲ ಮಹಾಧಿವೇಶನ ನಡೆಸಿ ಅಧ್ಯಕ್ಷರನ್ನು ಆರಿಸಿತು. ಸ್ಪರ್ಧಿಸಿದವರು ಮೂವರು: ಕಾಡಿನಿಂದ ಪಕ್ಷವನ್ನು ಹೊರತಂದ ಪಾವ್ಲೊ ಲುಕಾಂಬಾ ಗಾಟೊ, ಯುದ್ಧಕಾಲದಲ್ಲಿ ಯುರೋಪಿನಲ್ಲಿ ಪ್ರತಿನಿಧಿಯಾಗಿದ್ದ ಇಸಾಯಿಯಸ್ ಸಮಾಕುವಾ, ಮತ್ತು ಆ ಶಿಂಗುಂಜಿ ಕುಟುಂಬದಲ್ಲಿ ಉಳಿದವರಲ್ಲೊಬ್ಬರಾದ ಡಿನ್ಯೊ ಶಿಂಗುಂಜಿ. ಸಮಾಕುವಾ ಭಾರೀ ಅಂತರದಲ್ಲಿ ಗೆದ್ದರು. ಶಿಂಗುಂಜಿಗೆ ಬಿದ್ದದ್ದು ಬೆರಳೆಣಿಕೆಯಷ್ಟು ಮತ. ಪಕ್ಷ ಕಾಡಿನ ಜನರಲ್‌ನನ್ನು ಬಿಟ್ಟು ಮಾತುಗಾರನನ್ನು ಆರಿಸಿಕೊಂಡದ್ದು ಒಂದು ಸೂಚನೆ. ಕೊಲೆಯಾದ ಕುಟುಂಬದವರು ಎದುರು ನಿಂತಾಗ ಕಣ್ಣು ತಪ್ಪಿಸಿದ್ದು ಇನ್ನೊಂದು. ಯುನಿಟಾ ಸವಿಂಬಿಯ ಬಂದೂಕನ್ನು ಕೆಳಗಿಟ್ಟಿತು, ಸವಿಂಬಿಯ ಬಗ್ಗೆ ಪ್ರಶ್ನೆ ಕೇಳಲು ಮಾತ್ರ ಒಪ್ಪಲಿಲ್ಲ. ಪಕ್ಷದೊಳಗೆ ಅವರು ಈಗಲೂ ‘ಹಿರಿಯರು’. ಹುಟ್ಟುಹಬ್ಬ ಆಗಸ್ಟ್ 3ರಂದು ನಡೆಯುತ್ತದೆ.

ಸೋಲಿನ ಬಣ್ಣ ಬಳಿದ ಪಕ್ಷವೊಂದಕ್ಕೆ ಇದು ಅಷ್ಟೊಂದು ವಿಚಿತ್ರವೂ ಅಲ್ಲ. ಶವವೇ ಎದುರಾಳಿಯ ಕೈಯಲ್ಲಿರುವಾಗ ‘ನಮ್ಮ ನಾಯಕನೂ ತಪ್ಪು ಮಾಡಿದ’ ಎಂದು ಯಾರು ಎದ್ದು ಹೇಳುತ್ತಾರೆ? ಹೇಳಿದವನು ಆ ಕ್ಷಣವೇ ಸರ್ಕಾರದ ಕಡೆಯವನು. ಶವವನ್ನು ಒತ್ತೆಯಿಟ್ಟುಕೊಂಡದ್ದರ ನಿಜವಾದ ಪರಿಣಾಮ ಇದು: ಪಕ್ಷದೊಳಗಿನ ವಿಮರ್ಶೆಯ ಬಾಯಿ ಕಟ್ಟಿಹೋಯಿತು.

ಸಂಸ್ಕಾರದ ನಂತರದ ಮೂರು ವರ್ಷ

ಲೊಪಿಟಂಗಾದ ಸಂಸ್ಕಾರವಾಗಿ ಐದೂವರೆ ತಿಂಗಳಿಗೆ, 2019ರ ನವೆಂಬರ್‌ನಲ್ಲಿ, ಹದಿನಾರು ವರ್ಷ ಪಕ್ಷ ನಡೆಸಿದ ಸಮಾಕುವಾ ಕೆಳಗಿಳಿದರು. ಕಾಡಿನ ಯುದ್ಧದ ಕೊನೆಯ ವರ್ಷಗಳನ್ನು ಕಂಡಿದ್ದ ಅಲ್ಸಿಡೆಸ್ ಸಕಾಲಾ ಅವರನ್ನು ಸೋಲಿಸಿ ಅಡಾಲ್ಬರ್ಟೊ ಕೋಸ್ಟಾ ಜೂನಿಯರ್ ಅಧ್ಯಕ್ಷರಾದರು. 1962ರಲ್ಲಿ ಹುಟ್ಟಿದವರು, ಪೋರ್ಚುಗಲ್‌ನಲ್ಲಿ ಓದಿದ ಎಂಜಿನಿಯರ್, ಮಿಶ್ರ ವರ್ಣದವರು, ಯುದ್ಧಕಾಲದಲ್ಲಿ ಲಿಸ್ಬನ್ ಮತ್ತು ರೋಮ್‌ನಲ್ಲಿ ಪಕ್ಷದ ಪ್ರತಿನಿಧಿ. ನಗರದ ಮಿಶ್ರ ವರ್ಣದವರ ಪಕ್ಷವೆಂದು ಎಂಪಿಎಲ್ಎಯನ್ನು ಜರೆಯುತ್ತಿದ್ದ ಯುನಿಟಾಕ್ಕೆ ಇದು ಸಣ್ಣ ತಿರುವಲ್ಲ.

ಎಂಪಿಎಲ್ಎ ಇದನ್ನು ಬೇಗ ಗ್ರಹಿಸಿತು ಅನ್ನಿಸುತ್ತದೆ. 2021ರ ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ಅಧಿವೇಶನವನ್ನೇ ರದ್ದು ಮಾಡಿತು. ಅಭ್ಯರ್ಥಿಯಾದಾಗ ಕೋಸ್ಟಾ ಜೂನಿಯರ್‌ಗೆ ಪೋರ್ಚುಗೀಸ್ ಪೌರತ್ವವೂ ಇತ್ತೆಂಬುದು ಕಾರಣ. ಡಿಸೆಂಬರ್‌ನಲ್ಲಿ ಪಕ್ಷ ಮತ್ತೆ ಅಧಿವೇಶನ ಸೇರಿ ಅವರನ್ನೇ ಆರಿಸಿತು. 1992ರಲ್ಲಿ ಲುವಾಂಡಾದಲ್ಲಿ ಗುಂಡೇಟು ತಿಂದು, 2012ರಲ್ಲಿ ಯುನಿಟಾ ಬಿಟ್ಟು ಬೇರೆ ಕೂಟ ಕಟ್ಟಿದ್ದ ಅಬೆಲ್ ಶಿವುಕುವುಕು ಮರಳಿ ಬಂದು ಯುನಿಟಾ ಪಟ್ಟಿಯಲ್ಲಿ ಎರಡನೇ ಹೆಸರಾದರು. 2010ರ ಸಂವಿಧಾನದ ಪ್ರಕಾರ ಅಲ್ಲಿ ಅಧ್ಯಕ್ಷರಿಗೆ ಪ್ರತ್ಯೇಕ ಮತದಾನವಿಲ್ಲ. ಹೆಚ್ಚು ಮತ ಪಡೆದ ಪಕ್ಷದ ಪಟ್ಟಿಯ ಮೊದಲ ಹೆಸರಿನವರೇ ಅಧ್ಯಕ್ಷರು.

2022ರ ಆಗಸ್ಟ್ 24ರ ಫಲಿತಾಂಶ: ಎಂಪಿಎಲ್ಎ ಶೇ. 51.17, 124 ಸ್ಥಾನ, ಯುನಿಟಾ ಶೇ. 43.95, 90 ಸ್ಥಾನ. ಎಣಿಕೆ ಸರಿಯಿಲ್ಲವೆಂದು ಯುನಿಟಾ ನ್ಯಾಯಾಲಯಕ್ಕೆ ಹೋಯಿತು, ಅರ್ಜಿ ಬಿದ್ದುಹೋಯಿತು, ಪಕ್ಷದ ಶಾಸಕರು ಸಂಸತ್ತಿನಲ್ಲಿ ಹೋಗಿ ಕೂತರು. 1992ರಲ್ಲಿ ಸವಿಂಬಿ ಪಡೆದದ್ದಕ್ಕಿಂತ ಹೆಚ್ಚು ಪಾಲು ಮತ, ಸೋಲಿನ ತಕರಾರೂ ಇದೆ, ಆದರೆ ಯಾರೂ ಕಾಡಿಗೆ ಹೋಗಲಿಲ್ಲ. ‘ಗೆಲ್ಲದಿದ್ದರೆ ಇವರು ಮತ್ತೆ ಯುದ್ಧ ಮಾಡುತ್ತಾರೆ’ ಎಂದು ಪ್ರತಿ ಚುನಾವಣೆಯಲ್ಲೂ ಎಂಪಿಎಲ್ಎ ಹೇಳಿಕೊಂಡು ಬಂದ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಎಲ್ಲವನ್ನೂ ಮರುಸಂಸ್ಕಾರದ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಯುನಿಟಾದ ಏರಿಕೆ ಮೊದಲೇ ಶುರುವಾಗಿತ್ತು: 2012ರಲ್ಲಿ ಶೇ. 18.66, 2017ರಲ್ಲಿ ಶೇ. 26.67. ತೈಲದ ಬೆಲೆ ಕುಸಿದು ಕೆಲಸವಿಲ್ಲದ ಯುವಕರು ತುಂಬಿದ್ದರು. ಡೊಸ್ ಸಾಂಟೊಸ್ ಮಗ ಜೋಸೆ ಫಿಲೊಮೆನೊಗೆ 2020ರಲ್ಲಿ 50 ಕೋಟಿ ಡಾಲರ್ ವರ್ಗಾವಣೆಯ ಪ್ರಕರಣದಲ್ಲಿ ಐದು ವರ್ಷದ ಶಿಕ್ಷೆ ಬಿತ್ತು. ಮಗಳು ಇಸಾಬೆಲ್ ಅವರ ವ್ಯವಹಾರದ ಕಡತಗಳು ಜಗಜ್ಜಾಹೀರಾದವು. ‘ಎಂಪಿಎಲ್ಎ ಕದಿಯುತ್ತದೆ’ ಎಂಬ ಅರ್ಧ ಗಾದೆಯನ್ನು ಎಂಪಿಎಲ್ಎ ಸರ್ಕಾರವೇ ನ್ಯಾಯಾಲಯದಲ್ಲಿ ಸಾಬೀತು ಮಾಡಿಕೊಟ್ಟಿತು. ಉಳಿದರ್ಧ ಗೊತ್ತಿಲ್ಲದ, ಯುದ್ಧ ಮುಗಿಯುವ ಹೊತ್ತಿಗೆ ಹಾಲುಗಲ್ಲದ ಮಕ್ಕಳಾಗಿದ್ದ ಮತದಾರರು 2022ರಲ್ಲಿ ಮೊದಲ ಸಲ ಮತಗಟ್ಟೆಗೆ ಬಂದಿದ್ದರು.

ನನ್ನನ್ನು ಹಿಡಿದು ನಿಲ್ಲಿಸುವುದು ಪ್ರಾಂತ್ಯವಾರು ಫಲಿತಾಂಶ. 1992ರಲ್ಲಿ ಯುನಿಟಾ ಮುಂದಿದ್ದದ್ದು ಹುವಾಂಬೊ, ಬಿಯೆ, ಬೆಂಗೆಲಾ, ಕ್ವಾಂಡೊ ಕುಬಾಂಗೊದಲ್ಲಿ. ಅಂದರೆ ಒವಿಂಬುಂಡು ನಾಡು ಮತ್ತು ಜಾಂಬಾದ ಪ್ರಾಂತ್ಯ. 2022ರಲ್ಲಿ ಅದು ಗೆದ್ದದ್ದು ಮೂರೇ ಪ್ರಾಂತ್ಯ: ಲುವಾಂಡಾ, ಕಬಿಂಡಾ, ಜಾಯಿರೆ. ಮೂವತ್ತು ವರ್ಷದ ಹಿಂದೆ ತನ್ನವರನ್ನು ಬೀದಿಬೀದಿಯಲ್ಲಿ ಅಟ್ಟಾಡಿಸಿದ್ದ ರಾಜಧಾನಿಯಲ್ಲಿ ಯುನಿಟಾಕ್ಕೆ ಶೇ. 60ಕ್ಕೂ ಹೆಚ್ಚು ಮತ. ಸವಿಂಬಿಯ ಗೋರಿಯಿರುವ ಬಿಯೆಯಲ್ಲಿ ಗೆದ್ದದ್ದು ಎಂಪಿಎಲ್ಎ. ಹುವಾಂಬೊದಲ್ಲೂ ಅದೇ.

ಇದಕ್ಕೆ ಹಲವು ಕಾರಣ ಹೇಳಬಹುದು. ಹಳ್ಳಿಗಳಲ್ಲಿ ‘ಸೊಬಾ’ ಎನ್ನುವ ಊರ ಮುಖ್ಯಸ್ಥರಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಗ್ರಾಮೀಣ ಮತದ ಮೇಲೆ ಅವರ ಹಿಡಿತ ಇದೆ. ಹಳ್ಳಿಯಲ್ಲಿ ಪತ್ರಿಕೆಯಿಲ್ಲ, ಸರ್ಕಾರಿ ರೇಡಿಯೊ ಇದೆ. ಇಷ್ಟೇ ಅಲ್ಲ, ಕುಯಿಟೊದ ಸ್ಮಶಾನವೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಸವಿಂಬಿಯನ್ನು ಹತ್ತಿರದಿಂದ ಬಲ್ಲ ನಾಡು ಅವರ ಪಕ್ಷಕ್ಕೆ ಪೂರ್ತಿ ಮರಳಲಿಲ್ಲ. ಅವರನ್ನು ಅರಿಯದ ಯುವಕರ ನಗರ ಅದನ್ನು ತಲೆಯ ಮೇಲೆ ಹೊತ್ತುಕೊಂಡಿತು. ಲುವಾಂಡಾದ ಆ ಮತ ಸವಿಂಬಿಗೆ ಬಿದ್ದ ಮತವಲ್ಲ. ಬದಲಾವಣೆಗೆ ಸಿಕ್ಕ ಸಾಧನಕ್ಕೆ ಬಿದ್ದ ಮತ. ಯುನಿಟಾದ ಕೆಲವು ಹಿರಿಯರು ಇದನ್ನು ‘ಹಿರಿಯರ ಕನಸು ನನಸಾಯಿತು’ ಎಂದು ಓದಿದರೆ, ಅವರು ಫಲಿತಾಂಶದ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ಚುನಾವಣೆಯ ಹೊತ್ತಿಗೆ ಇನ್ನೊಂದು ಶವದ ಜಗಳವೂ ನಡೆದಿತ್ತು, ಈ ಸಲ ಗೆದ್ದವರ ಮನೆಯೊಳಗೆ. ಜುಲೈ 8ರಂದು ಡೊಸ್ ಸಾಂಟೊಸ್ ಬಾರ್ಸೆಲೋನಾದಲ್ಲಿ ತೀರಿಕೊಂಡರು. ಅಪ್ಪನ ಶವವನ್ನು ಲೊರೆನ್ಸೊ ಸರ್ಕಾರ ಪ್ರಚಾರಕ್ಕೆ ಬಳಸಿಕೊಳ್ಳುತ್ತದೆ ಎಂದು ಮಗಳು ಚಿಜೆ ಸ್ಪೇನಿನ ನ್ಯಾಯಾಲಯದಲ್ಲಿ ತಡೆ ಕೇಳಿದರು. ಕೊನೆಗೆ ಆಗಸ್ಟ್ 28ರಂದು, ಬದುಕಿದ್ದರೆ ಅವರಿಗೆ 80 ತುಂಬುತ್ತಿದ್ದ ದಿನ, ಲುವಾಂಡಾದಲ್ಲಿ ರಾಜ್ಯ ಮರ್ಯಾದೆಯ ಸಂಸ್ಕಾರವಾಯಿತು. ಯುದ್ಧ ಗೆದ್ದ ನಾಯಕನ ಹೆಸರೂ ಪಕ್ಷಕ್ಕೆ ಓಟು ತರುವ ಸ್ಥಿತಿಯಲ್ಲಿರಲಿಲ್ಲ.

ಉಳಿದದ್ದು

ಲೊರೆನ್ಸೊ ಒಂದು ಕೆಲಸ ಮಾಡಿದ್ದನ್ನು ಒಪ್ಪಬೇಕು. ಎಂಪಿಎಲ್ಎಯೊಳಗೇ 1977ರ ಮೇ 27ರ ಬಂಡಾಯದ ನಂತರ ನಡೆದ ಸಾವಿರಾರು ಕೊಲೆಗಳಿಗೆ 2021ರಲ್ಲಿ ಅವರು ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ರಾಜಕೀಯ ಸಂಘರ್ಷದ ಬಲಿಪಶುಗಳಿಗಾಗಿ 2019ರಲ್ಲಿ ಆಯೋಗ ರಚಿಸಿದ್ದರು. ಅದರಲ್ಲಿ ಯುನಿಟಾಕ್ಕೂ ಜಾಗವಿತ್ತು. ಆಯೋಗ ಮುಂದೆ ಜಾಂಬಾದಲ್ಲೂ ಅವಶೇಷಗಳನ್ನು ಹುಡುಕಲು ಹೊರಟಾಗ, ಇದು ಸತ್ತವರನ್ನು ಮುಂದಿಟ್ಟು ಆಡುವ ಚುನಾವಣಾ ರಾಜಕೀಯ ಎಂದು ಯುನಿಟಾ ಆಕ್ಷೇಪಿಸಿತು. ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಸರ್ಕಾರಿ ಟಿವಿಗೆ ಜಾಂಬಾದ ಮೂಳೆಗಳ ಮೇಲಿರುವ ಆಸಕ್ತಿ ಲುವಾಂಡಾದ 1992ರ ಮೂಳೆಗಳ ಮೇಲಿಲ್ಲ.

ಹಾಗೆಂದು ಯುನಿಟಾ ಕೈತೊಳೆದುಕೊಳ್ಳುವಂತಿಲ್ಲ. 2002ರ ಕ್ಷಮಾದಾನ ಜೈಲಿನಿಂದ ಉಳಿಸುತ್ತದೆ, ಪ್ರಶ್ನೆಯಿಂದ ಅಲ್ಲ. ಆಯೋಗ ಎದುರಾಳಿಯ ಕೈಗೊಂಬೆಯಾದರೆ, ಜಾಂಬಾದ ವಿಚಾರಣೆಯನ್ನು ಪಕ್ಷವೇ ಮಾಡಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಸೆಪ್ಟೆಂಬರ್ 7ರಂದು ಬೆಂಕಿಯ ಎದುರು ನಿಲ್ಲಿಸಿದ್ದ ಹತ್ತು ವರ್ಷದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಆಗಿನ ನಡುವಯಸ್ಕರಲ್ಲಿ ಹೆಚ್ಚಿನವರು ಇಲ್ಲ. ಮುಂದಿನ ಚುನಾವಣೆ 2027ಕ್ಕಿದೆ, ಮತ್ತು ಲುವಾಂಡಾವೊಂದನ್ನೇ ನೆಚ್ಚಿ ಯುನಿಟಾ ಅಧಿಕಾರಕ್ಕೆ ಬರಲಾರದು; ಬಿಯೆ, ಹುವಾಂಬೊ ಬೇಕೇ ಬೇಕು. ಆ ಎರಡು ಪ್ರಾಂತ್ಯಗಳ ಹಳ್ಳಿಗಳಿಗೆ ಓಟು ಕೇಳಲು ಹೋಗುವ ಕೋಸ್ಟಾ ಜೂನಿಯರ್ ಅಥವಾ ಇನ್ನಾರೇ ಆಗಲಿ, ಕುಯಿಟೊದ ಸ್ಮಶಾನದ ಮುಂದಿನಿಂದಲೇ ಹಾದುಹೋಗಬೇಕು.